ಕಟ್ತೀಯೇನೋ ಬೆಟ್ಟು?

ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರಿದ್ದರು. ಮಾತಿಗೆ ಮುಂಚೆ ಒಂದು, ಮಾತಾದ ಮೇಲೆ ಒಂದು ‘ಅಂದ್ರೆ’ ಹಾಕದೆ ಅವರ ವಾಕ್ಯ ಮುಗಿಯುತ್ತಿರಲಿಲ್ಲ. ಒಂದು ದಿನ ಪಕ್ಕದಲ್ಲಿ ಕೂತಿದ್ದ ಗೆಳೆಯ ಪಿಸುಗುಟ್ಟಿದ: ‘ಇವತ್ತು 60 ದಾಟತ್ತೆ. ಕಟ್ತೀಯೇನೋ ಬೆಟ್ಟು?’ ದಾಟಲ್ಲ ಎಂದೆ. ಸೋತವನು ಒಂದು ವಾರ ಕ್ಯಾಂಟೀನಿನಲ್ಲಿ ಕಾಫಿ ಕೊಡಿಸಬೇಕು. ಇಬ್ಬರೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೆರೆ ಎಳೆಯುತ್ತ ಹೋದೆವು. ಅಷ್ಟು ಏಕಾಗ್ರತೆಯಿಂದ ಆ ಪಾಠ ಕೇಳಿದ್ದು ಅದೇ ಮೊದಲು, ಅದೇ ಕೊನೆ.

ಬೆಲ್ ಹೊಡೆದಾಗ ಅವನ ಲೆಕ್ಕದಲ್ಲಿ 63, ನನ್ನ ಲೆಕ್ಕದಲ್ಲಿ 57. ಮೇಷ್ಟ್ರು ಆಗಾಗ ‘ಬೇಡಿಕೆ ಅಂದ್ರೇನು?’ ‘ಪೂರೈಕೆ ಅಂದ್ರೇನು?’ ಎಂದು ಕೇಳಿದ್ದರು. ಅವನು ಅವನ್ನೂ ಸೇರಿಸಿಕೊಂಡಿದ್ದ, ನಾನು ಬಿಟ್ಟಿದ್ದೆ. ‘ಅಂದ್ರೇನು’ ಎಂಬುದರೊಳಗೆ ‘ಅಂದ್ರೆ’ ಇದೆಯೋ ಇಲ್ಲವೋ? ಕನ್ನಡ ಮೇಷ್ಟ್ರನ್ನೇ ಕೇಳೋಣ ಎನ್ನುವವರೆಗೂ ಜಗಳ ಹೋಯಿತು. ಕೇಳಲಿಲ್ಲ. ಕೇಳಿದರೆ ಯಾರ ಕ್ಲಾಸಿನಲ್ಲಿ ಈ ಸಂದೇಹ ಬಂತು ಅಂತ ಹೇಳಬೇಕಾಗುತ್ತಿತ್ತು. ಕಡೆಗೆ ವಾರವಿಡೀ ಸಮಪಾಲು ದುಡ್ಡು ಹಾಕಿ ಬೈಟೂ ಕುಡಿದೆವು. ಬೆಟ್ ಕಟ್ಟದಿದ್ದರೂ ನಾವು ಮಾಡುತ್ತಿದ್ದುದು ಅದನ್ನೇ.

ಈ ಪ್ರಸಂಗ ಮತ್ತೆ ನೆನಪಾದದ್ದು ಸ್ಟೀಫನ್ ಹಾಕಿಂಗ್ ಕಟ್ಟಿದ ಬೆಟ್ಟುಗಳ ಬಗ್ಗೆ ಓದುವಾಗ. ಜಗತ್ತಿನ ಮಹಾ ಬುದ್ಧಿವಂತರೂ ಹೆಚ್ಚುಕಡಿಮೆ ಇದೇ ‘ಅಂದ್ರೇನು’ ಜಗಳವನ್ನೇ ಆಡಿದ್ದಾರೆ. ಅವರ ವಿಷಯ ಕಪ್ಪುಕುಳಿ, ನಮ್ಮದು ಅರ್ಥಶಾಸ್ತ್ರ, ವ್ಯತ್ಯಾಸ ಅಷ್ಟೇ.

ನಮ್ಮಲ್ಲಿ ಇದಕ್ಕೆ ಹೆಸರುಗಳಿಗೆ ಬರವಿಲ್ಲ. ಪಣ, ಪಂಥ, ಬಾಜಿ, ಈಗ ಬೆಟ್ಟು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾಗರ ಪಂಚಮಿ ಬಂತೆಂದರೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡುಹುಡುಗರಿಗೆ ಬಾಜಿ. ಇಂತಿಷ್ಟೇ ಎಸೆತದಲ್ಲಿ ಲಿಂಬಿಹಣ್ಣನ್ನು ಊರ ಅಗಸಿಯಿಂದ ಇಂಥ ಜಾಗಕ್ಕೆ ಮುಟ್ಟಿಸಬೇಕು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇಂಥ ಗುಡಿಯವರೆಗೆ ನಡೆದುಹೋಗಬೇಕು. ವರ್ಷದ ಉಳಿದ ದಿನ ಯಾರೂ ಲಿಂಬಿಹಣ್ಣು ಎಸೆಯುತ್ತ ಊರು ಸುತ್ತುವುದಿಲ್ಲ. ಆ ಸಾಮರ್ಥ್ಯದಿಂದ ಯಾರಿಗೂ ಏನೂ ಉಪಯೋಗವಿಲ್ಲ. ಹಾಗಿದ್ದೂ ಸುತ್ತ ನಿಂತ ಅರ್ಧ ಊರು ಎಸೆತ ಎಣಿಸುತ್ತಿರುತ್ತದೆ.

ಹಾವಿನ ಹಬ್ಬದ ದಿನವೇ ಬಾಜಿ ಕಟ್ಟುವುದು ಕಾಕತಾಳೀಯ ಇದ್ದೀತು. ಆದರೆ ಮಹಾಭಾರತದ ಆದಿಪರ್ವದಲ್ಲಿ ಹಾವುಗಳ ತಾಯಿ ಕದ್ರು ತನ್ನ ಸೋದರಿ ವಿನತೆಯ ಜೊತೆ ಕಟ್ಟಿದ್ದೂ ಒಂದು ಪಂಥವೇ. ಉಚ್ಚೈಃಶ್ರವಸ್ಸು ಎಂಬ ಬಿಳಿಕುದುರೆಯ ಬಾಲದ ಬಣ್ಣ ಯಾವುದು? ವಿನತೆ ಬಿಳಿ ಎಂದಳು, ಕದ್ರು ಕಪ್ಪು ಎಂದಳು. ಸೋತವಳು ಗೆದ್ದವಳಿಗೆ ದಾಸಿ. ರಾತ್ರಿ ಕದ್ರು ಮಕ್ಕಳನ್ನು ಕರೆದು ಕುದುರೆಯ ಬಾಲಕ್ಕೆ ಕೂದಲಂತೆ ಜೋತುಬೀಳಿ ಎಂದಳು, ಒಪ್ಪದವರಿಗೆ ಯಜ್ಞದ ಬೆಂಕಿಯಲ್ಲಿ ಬೀಳುವ ಶಾಪ ಕೊಟ್ಟಳು. ಬಾಲ ಕಪ್ಪಾಗಿ ಕಂಡಿತು, ವಿನತೆ ದಾಸಿಯಾದಳು, ಗರುಡ ಅಮೃತ ತಂದು ತಾಯಿಯನ್ನು ಬಿಡಿಸಬೇಕಾಯಿತು. ಒಂದು ಬಾಲದ ಬಣ್ಣದಿಂದ ಇಷ್ಟೆಲ್ಲ! ಇಲ್ಲಿ ಕೆಟ್ಟದ್ದು ಪಂಥ ಕಟ್ಟಿದ್ದಲ್ಲ, ಪಣಕ್ಕೆ ಇಟ್ಟ ವಸ್ತು. ದಾಸ್ಯದ ಬದಲು ಒಂದು ಬುಟ್ಟಿ ಮಾವಿನಹಣ್ಣು ಇಟ್ಟಿದ್ದರೆ ಹಾವುಗಳನ್ನು ಬಾಲಕ್ಕೆ ಕಟ್ಟುವ ಗೋಜಿಗೆ ಕದ್ರು ಹೋಗುತ್ತಿರಲಿಲ್ಲ ಅನಿಸುತ್ತದೆ.

ಕಾನೂನು ಕೂಡ ಈ ವಿಷಯದಲ್ಲಿ ಒಂದು ಬಗೆಯ ಜಾಣತನ ತೋರಿಸಿದೆ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದ ಅನೂರ್ಜಿತ. ಗೆದ್ದ ಹಣ ಕೊಡಿಸಿ ಎಂದು ಯಾರೂ ಕೋರ್ಟಿಗೆ ಹೋಗುವಂತಿಲ್ಲ. ಕುದುರೆ ರೇಸಿನಲ್ಲಿ ಗೆದ್ದ ಕುದುರೆಗೆ ಕೊಡುವ 500 ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ಬಹುಮಾನಕ್ಕೆ ಮಾತ್ರ ವಿನಾಯಿತಿ. ಇಂಥ ಒಪ್ಪಂದ ಅನೂರ್ಜಿತವೇ ಹೊರತು ಅದರಷ್ಟಕ್ಕೆ ಅದು ಕಾನೂನುಬಾಹಿರವಲ್ಲ ಎಂದು 1959ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಂದರೆ, ಗೆಳೆಯನ ಜೊತೆ ಕಾಫಿಗೆ ಬೆಟ್ ಕಟ್ಟಬಹುದು, ಅವನು ಕೊಡಿಸದಿದ್ದರೆ ಮಾತ್ರ ಸರ್ಕಾರ ನಿಮ್ಮ ನೆರವಿಗೆ ಬರುವುದಿಲ್ಲ. ಸೋತವನು ಕೊಡುತ್ತಾನೆಂದರೆ ನಾಳೆಯೂ ಅದೇ ಬೆಂಚಿನಲ್ಲಿ ಕೂರಬೇಕಲ್ಲ ಎಂದೇ ಕೊಡಬೇಕು.

ಹಾಕಿಂಗ್ ಕಥೆಗೆ ಬರುತ್ತೇನೆ. 1974ರ ಡಿಸೆಂಬರ್. ಕೇಂಬ್ರಿಡ್ಜಿನಿಂದ ಒಂದು ವರ್ಷದ ಮಟ್ಟಿಗೆ ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್‌ಗೆ ಬಂದಿದ್ದ ಹಾಕಿಂಗ್‌ಗೆ ಆಗ 32 ವರ್ಷ. ಅಲ್ಲಿ ಅವರ ಗೆಳೆಯ ಕಿಪ್ ಥಾರ್ನ್. ಇಬ್ಬರೂ ತಲೆ ಕೆಡಿಸಿಕೊಂಡಿದ್ದು ಕಪ್ಪುಕುಳಿಗಳ ಬಗ್ಗೆ. ರಾಜಹಂಸ ನಕ್ಷತ್ರಪುಂಜದಲ್ಲಿ ಸಿಗ್ನಸ್ ಎಕ್ಸ್-1 ಎಂಬ ಎಕ್ಸ್-ರೇ ಮೂಲವೊಂದಿತ್ತು. ಅಲ್ಲಿ ಒಂದು ದೈತ್ಯ ನಕ್ಷತ್ರ ಕಣ್ಣಿಗೆ ಕಾಣದ ಯಾವುದನ್ನೋ ಸುತ್ತುತ್ತಿತ್ತು. ಕಾಣದ ಆ ವಸ್ತು ಕಪ್ಪುಕುಳಿಯೇ?

ಹಾಕಿಂಗ್ ಅಲ್ಲ ಎಂದು ಬೆಟ್ ಕಟ್ಟಿದರು. ಇಡೀ ಬದುಕನ್ನು ಕಪ್ಪುಕುಳಿಗೆ ಮುಡಿಪಿಟ್ಟವನು ಅದೇ ಇಲ್ಲ ಎಂದು ಯಾಕೆ ಹೇಳಬೇಕು? ಅವರ ಪ್ರಕಾರ ಅದೊಂದು ವಿಮಾ ಪಾಲಿಸಿ. ಕಪ್ಪುಕುಳಿ ಎಂಬುದೇ ಸುಳ್ಳಾದರೆ ವರ್ಷಗಟ್ಟಲೆ ಮಾಡಿದ ಕೆಲಸ ನೀರಿನಲ್ಲಿ ಹೋಮ, ಆಗ ಬೆಟ್ ಗೆದ್ದ ಸಮಾಧಾನವಾದರೂ ಇರಲಿ. ಗೆದ್ದರೆ ಅವರಿಗೆ ‘ಪ್ರೈವೇಟ್ ಐ’ ಎಂಬ ಲಂಡನ್ನಿನ ವಿಡಂಬನೆಯ ಪತ್ರಿಕೆಯ 4 ವರ್ಷದ ಚಂದಾ. ಥಾರ್ನ್ ಗೆದ್ದರೆ ‘ಪೆಂಟ್‌ಹೌಸ್’ ಎಂಬ, ಮನೆಯಲ್ಲಿ ಟೀಪಾಯಿಯ ಮೇಲೆ ಇಡಲಾಗದ ಚಿತ್ರಗಳ ಪತ್ರಿಕೆಯ 1 ವರ್ಷದ ಚಂದಾ. ಇದನ್ನೆಲ್ಲ ಕೋರ್ಟು ಕಾಗದದ ಗತ್ತಿನಲ್ಲಿ ಬರೆದು, ಸಾಕ್ಷಿ ಹಾಕಿಸಿ, ಚೌಕಟ್ಟು ಕಟ್ಟಿಸಿ ಥಾರ್ನ್ ಆಫೀಸಿನ ಗೋಡೆಗೆ ತೂಗುಹಾಕಿದರು.

ಆ ಕಾಗದದಲ್ಲಿ ನಮ್ಮವರದ್ದೊಂದು ಹೆಸರೂ ಇದೆ. ಸುಮ್ಮನೆ ‘ಕಪ್ಪುಕುಳಿ’ ಎಂದರೆ ನಾಳೆ ‘ಅಂದ್ರೇನು’ ಜಗಳ ಬರುತ್ತದೆ ಎಂದು ಅವರು ‘ಚಂದ್ರಶೇಖರ್ ಮಿತಿಗಿಂತ ಹೆಚ್ಚು ತೂಕದ ಕಪ್ಪುಕುಳಿ’ ಎಂದು ಬರೆದರು. ಸುಬ್ರಹ್ಮಣ್ಯನ್ ಚಂದ್ರಶೇಖರ್ 1930ರಲ್ಲಿ, ಇನ್ನೂ 19ರ ಹುಡುಗನಾಗಿದ್ದಾಗ, ಮುಂಬೈಯಿಂದ ಇಂಗ್ಲೆಂಡಿಗೆ ಹೋಗುವಾಗ ಹಡಗಿನಲ್ಲಿ ಕೂತು ಹಾಕಿದ ಲೆಕ್ಕ ಅದು. ಉರಿದು ಮುಗಿದ ನಕ್ಷತ್ರ ನಮ್ಮ ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಾಗಿದ್ದರೆ ಅದು ಶ್ವೇತಕುಬ್ಜವಾಗಿ ಉಳಿಯಲಾರದು, ಇನ್ನೂ ಕುಸಿಯುತ್ತದೆ.

15 ವರ್ಷ ದಾಟಿತು. ಒಂದೊಂದೇ ಸಾಕ್ಷ್ಯ ಸೇರುತ್ತ ಹೋಯಿತು. 1990ರ ಜೂನ್‌ನಲ್ಲಿ ಹಾಕಿಂಗ್ ಲಾಸ್ ಏಂಜಲೀಸಿಗೆ ಬಂದಾಗ ಥಾರ್ನ್ ಮಾಸ್ಕೋದಲ್ಲಿದ್ದರು. ಹಾಕಿಂಗ್ ತಮ್ಮ ದಂಡು ಕಟ್ಟಿಕೊಂಡು ಗೆಳೆಯನ ಆಫೀಸಿಗೆ ನುಗ್ಗಿದರು, ಗೋಡೆಯ ಮೇಲಿನ ಚೌಕಟ್ಟು ಇಳಿಸಿದರು, ಸೋಲೊಪ್ಪಿದ್ದೇನೆ ಎಂದು ಬರೆಸಿ ಹೆಬ್ಬೆಟ್ಟು ಒತ್ತಿ ಹೋದರು. ಆ ಹೊತ್ತಿಗೆ ಪೆನ್ನು ಹಿಡಿಯುವುದು ಅವರಿಗೆ ಸಾಧ್ಯವಿರಲಿಲ್ಲ. ಸೋತದ್ದನ್ನು ಒಪ್ಪಲು ಕಳ್ಳನಂತೆ ಬೀಗ ತೆಗೆಸಿ ಒಳನುಗ್ಗಿದವರನ್ನು ನಾನು ಬೇರೆ ಕೇಳಿಲ್ಲ. ಚಂದಾ ಕಟ್ಟಿದರು, ಪತ್ರಿಕೆ ಬಂತು, ಥಾರ್ನ್ ಹೆಂಡತಿಗೆ ಸಿಟ್ಟು ಬಂತು.

ಮುಂದಿನ ವರ್ಷವೇ, 1991ರಲ್ಲಿ, ಇನ್ನೊಂದು. ಈ ಸಲ ಥಾರ್ನ್ ಜೊತೆಗೆ ಭೌತವಿಜ್ಞಾನಿ ಜಾನ್ ಪ್ರೆಸ್ಕಿಲ್ ಕೂಡ ಎದುರು ಪಕ್ಷ. ಕಪ್ಪುಕುಳಿಯ ನಡುವೆ ನಮ್ಮ ಭೌತಶಾಸ್ತ್ರದ ನಿಯಮಗಳೆಲ್ಲ ಕೈಕೊಡುವ ಒಂದು ಬಿಂದು ಇರಬೇಕು, ಆದರೆ ಅದು ಕಪ್ಪುಕುಳಿಯ ತೆರೆಯ ಹಿಂದೆ ಮರೆಯಾಗಿರುತ್ತದೆ. ತೆರೆಯಿಲ್ಲದೆ ಅದು ಹೊರಗಿನ ಜಗತ್ತಿಗೆ ಕಾಣಿಸಬಹುದೇ? ಕಂಡರೆ ಅದರ ಹೆಸರು ‘ಬೆತ್ತಲೆ’ ಬಿಂದು. ಪ್ರಕೃತಿ ಅಷ್ಟು ಲಜ್ಜೆಗೆಟ್ಟದ್ದಲ್ಲ ಎಂಬುದು ಹಾಕಿಂಗ್ ವಾದ. ಅವರು 100 ಪೌಂಡ್ ಇಟ್ಟರು, ಅವರಿಬ್ಬರು 50. ಜೊತೆಗೆ ಸೋತವನು ಗೆದ್ದವನ ಬೆತ್ತಲೆ ಮುಚ್ಚುವಂಥ ಬಟ್ಟೆ ಕೊಡಬೇಕು, ಅದರ ಮೇಲೆ ಸೋಲೊಪ್ಪುವ ಒಂದು ಮಾತು ಇರಬೇಕು.

ಕಂಪ್ಯೂಟರ್ ಲೆಕ್ಕಗಳು ತೀರಾ ವಿಶೇಷ ಸನ್ನಿವೇಶದಲ್ಲಿ, ಕೂದಲೆಳೆಯಷ್ಟು ಹೊಂದಿಸಿಟ್ಟರೆ, ಅಂಥ ಬಿಂದು ಹುಟ್ಟಬಹುದು ಎಂದು ತೋರಿಸಿದವು. 1997ರ ಫೆಬ್ರುವರಿಯಲ್ಲಿ ಹಾಕಿಂಗ್ ‘ತಾಂತ್ರಿಕವಾಗಿ ಮಾತ್ರ’ ಸೋತೆ ಎಂದರು. ಟೀ-ಶರ್ಟುಗಳೂ ಬಂದವು. ಅವುಗಳ ಮೇಲೆ ಟವೆಲ್ಲಿನಲ್ಲಿ ಮಾನ ಮುಚ್ಚಿಕೊಂಡ ಹೆಂಗಸಿನ ಚಿತ್ರ; ಟವೆಲ್ಲಿನ ಮೇಲೆ, ಪ್ರಕೃತಿಗೆ ಬೆತ್ತಲೆ ಹಿಡಿಸದು ಎಂಬರ್ಥದ ಒಂದು ಸಾಲು. ಸೋತವನು ಕೊಟ್ಟ ಅಂಗಿಯ ಮೇಲೆ ಸೋತವನದೇ ವಾದ! ಕೂಡಲೇ ಹೊಸ ಕಾಗದ ಬರೆದರು. ಈ ಸಲ ‘ವಿಶೇಷವಾಗಿ ಹೊಂದಿಸಿದ ಸನ್ನಿವೇಶ ಲೆಕ್ಕಕ್ಕಿಲ್ಲ’ ಎಂಬ ಷರತ್ತು ಸೇರಿತು. ನಾವು ‘ಅಂದ್ರೇನು ಲೆಕ್ಕಕ್ಕಿಲ್ಲ’ ಎಂದು ಮೊದಲೇ ಬರೆದುಕೊಳ್ಳಬೇಕಿತ್ತು.

ಇದಾದ ಮರುದಿನವೇ ಮೂರನೆಯದು. ಕಪ್ಪುಕುಳಿಗೆ ಬಿದ್ದ ವಸ್ತುವಿನ ಮಾಹಿತಿ ಶಾಶ್ವತವಾಗಿ ಅಳಿಸಿಹೋಗುತ್ತದೆಯೇ? ಈ ಬಾರಿ ಹಾಕಿಂಗ್ ಮತ್ತು ಥಾರ್ನ್ ಒಂದೇ ಕಡೆ, ಹೌದು ಎಂದು. ಪ್ರೆಸ್ಕಿಲ್ ಒಬ್ಬರೇ ಇಲ್ಲ ಎಂದು. ಗೆದ್ದವರಿಗೆ ಅವರು ಕೇಳಿದ ವಿಶ್ವಕೋಶ. ಮಾಹಿತಿ ಉಳಿಯುತ್ತದೋ ಅಳಿಯುತ್ತದೋ ಎಂಬ ಜಗಳಕ್ಕೆ ಬೇಕೆಂದಾಗ ಮಾಹಿತಿ ತೆಗೆಯಬಹುದಾದ ಪುಸ್ತಕವೇ ಪಣ. 2004ರ ಜುಲೈಯಲ್ಲಿ ಡಬ್ಲಿನ್ನಿನ ಸಮ್ಮೇಳನದಲ್ಲಿ ಹಾಕಿಂಗ್ ತಮ್ಮ ಮಾತು ಹಿಂದಕ್ಕೆ ತೆಗೆದುಕೊಂಡು ಪ್ರೆಸ್ಕಿಲ್‌ಗೆ ಅವರು ಬಯಸಿದ ಬೇಸ್‌ಬಾಲ್ ವಿಶ್ವಕೋಶ ಕೊಟ್ಟರು. ಕ್ರಿಕೆಟ್ಟಿನ ವಿಶ್ವಕೋಶ ತಗೋ ಎಂದು ಪುಸಲಾಯಿಸಿ ನೋಡಿದರಂತೆ, ಅಮೆರಿಕದವನು ಒಪ್ಪಲಿಲ್ಲ. ಪುಸ್ತಕ ಸುಟ್ಟು ಬೂದಿ ಕೊಟ್ಟಿದ್ದರೂ ಆಗುತ್ತಿತ್ತು, ಮಾಹಿತಿ ಅದರಲ್ಲೂ ಇದೆಯಲ್ಲ ಎಂದು ಆಮೇಲೆ ತಮಾಷೆ ಮಾಡಿದರು. ಥಾರ್ನ್ ಮಾತ್ರ ಆ ದಿನ ಸೋಲೊಪ್ಪಲಿಲ್ಲ. ಜೊತೆಗಾರ ಶರಣಾದ ಮಾತ್ರಕ್ಕೆ ತಾನೂ ಆಗಬೇಕೇ? ಸಿಗುವುದಿಲ್ಲ ಎಂದು ಬೆಟ್ ಕಟ್ಟಿದ್ದ ಹಿಗ್ಸ್ ಕಣ 2012ರಲ್ಲಿ ಸಿಕ್ಕಾಗ ಹಾಕಿಂಗ್ ಇನ್ನೂ 100 ಡಾಲರ್ ಕಳೆದುಕೊಂಡರು. ಬೆಟ್ ಕಟ್ಟುವುದರಲ್ಲಿ ಅವರ ದಾಖಲೆ ನಮ್ಮ ಹಾಸ್ಟೆಲ್ಲಿನ ಯಾವ ಹುಡುಗನಿಗಿಂತಲೂ ಮೇಲೇನಲ್ಲ.

ನನ್ನ ಅನುಮಾನ, ಇಲ್ಲಿ ಪಣ ಹಾಸ್ಯಾಸ್ಪದವಾಗಿದ್ದುದರಿಂದಲೇ ಸೋಲು ಸುಲಭವಾಯಿತು. ಇಪ್ಪತ್ತು ಮೂವತ್ತು ವರ್ಷ ಸಾಧಿಸಿದ ಮಾತನ್ನು ವಿದ್ವತ್ಸಭೆಯಲ್ಲಿ ತಪ್ಪು ಎಂದು ಒಪ್ಪುವುದು ಯಾರಿಗೂ ಕಷ್ಟ. ಕೈಯಲ್ಲೊಂದು ಬೇಸ್‌ಬಾಲ್ ಪುಸ್ತಕವಿದ್ದರೆ ಸಭೆ ನಗುತ್ತದೆ, ಆ ನಗೆಯ ನಡುವೆ ತಪ್ಪೊಪ್ಪಿಗೆ ಜಾರಿಕೊಂಡು ಹೋಗುತ್ತದೆ.

ಪಣ ನಗದಾಗಿದ್ದು, ಎದುರಾಳಿ ಗೆಳೆಯನಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ್ದೇ ಉದಾಹರಣೆಯಿದೆ. ಜನಸಂಖ್ಯೆ ಹೆಚ್ಚಿ ಜಗತ್ತಿನ ಸಂಪನ್ಮೂಲ ಬರಿದಾಗುತ್ತದೆ ಎಂದು ಎಚ್ಚರಿಸುತ್ತಿದ್ದ ಜೀವವಿಜ್ಞಾನಿ ಪಾಲ್ ಎರ್ಲಿಕ್‌ಗೆ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ 1980ರಲ್ಲಿ ಸವಾಲು ಹಾಕಿದರು. ಎರ್ಲಿಕ್ ಕಡೆಯವರು ತಾಮ್ರ, ಕ್ರೋಮಿಯಂ, ನಿಕ್ಕಲ್, ತವರ, ಟಂಗ್‌ಸ್ಟನ್ ಆರಿಸಿದರು. ತಲಾ 200 ಡಾಲರಿನಷ್ಟು, ಒಟ್ಟು 1,000 ಡಾಲರಿನ ಲೋಹ, ಕಾಗದದ ಮೇಲೆ. ಹಣದುಬ್ಬರ ಕಳೆದು 10 ವರ್ಷದಲ್ಲಿ ಬೆಲೆ ಏರಿದರೆ ವ್ಯತ್ಯಾಸ ಸೈಮನ್ ಕೊಡಬೇಕು, ಇಳಿದರೆ ಎರ್ಲಿಕ್. ಆ ಹತ್ತು ವರ್ಷದಲ್ಲಿ ಜಗತ್ತಿನ ಜನಸಂಖ್ಯೆ 80 ಕೋಟಿಗೂ ಹೆಚ್ಚು ಬೆಳೆಯಿತು, ಆದರೂ ಐದೂ ಲೋಹಗಳ ನಿಜಬೆಲೆ ಇಳಿದಿತ್ತು. 1990ರ ಅಕ್ಟೋಬರಿನಲ್ಲಿ ಸೈಮನ್ ಮನೆಗೆ ಒಂದು ಲಕೋಟೆ ಬಂತು. ಒಳಗೆ ಲೋಹಗಳ ದರಪಟ್ಟಿ, 576.07 ಡಾಲರಿನ ಚೆಕ್ಕು. ಒಂದು ಸಾಲಿನ ಪತ್ರವಿಲ್ಲ. ಇಬ್ಬರೂ ತಮ್ಮ ಅಭಿಪ್ರಾಯ ಕಿಂಚಿತ್ತೂ ಬದಲಿಸಲಿಲ್ಲ, ಅವರವರ ಬೆಂಬಲಿಗರೂ ಬದಲಿಸಲಿಲ್ಲ. ಆಮೇಲೆ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞರು ಇದೇ ಬೆಟ್ಟನ್ನು ಬೇರೆ ಯಾವುದೋ ದಶಕದಲ್ಲಿ ಕಟ್ಟಿದ್ದರೆ ಎರ್ಲಿಕ್ ಗೆಲ್ಲುವ ಸಾಧ್ಯತೆ ಚೆನ್ನಾಗಿಯೇ ಇತ್ತು ಎಂದು ಕಂಡುಕೊಂಡರು. ಪೈಸೆಯವರೆಗೆ ಚುಕ್ತಾ ಆದ ಲೆಕ್ಕದಿಂದ ವಾದ ಮಾತ್ರ ಚುಕ್ತಾ ಆಗಲಿಲ್ಲ.

ಇದಕ್ಕೆ ಪೂರ್ತಿ ತದ್ವಿರುದ್ಧವಾಗಿ, ಯಾರೂ ಗೆಲ್ಲದ ಒಂದು ಪಂಥದಿಂದ ಜಗತ್ತೇ ಬದಲಾದ ಕಥೆ ಇನ್ನೂ ಹಳೆಯದು. 1684ರ ಜನವರಿ, ಲಂಡನ್. ರಾಯಲ್ ಸೊಸೈಟಿಯ ಸಭೆ ಮುಗಿಸಿ ಮೂವರು ಕಾಫಿಹೌಸಿಗೆ ಬಂದರು. ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್, ವಿಜ್ಞಾನಿ ರಾಬರ್ಟ್ ಹುಕ್, 27ರ ಖಗೋಳಜ್ಞ ಎಡ್ಮಂಡ್ ಹ್ಯಾಲಿ. ಸೂರ್ಯನ ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ ಎಂಬ ಊಹೆ ಮೂವರಿಗೂ ಇತ್ತು. ಗ್ರಹಗಳ ದಾರಿ ದೀರ್ಘವೃತ್ತ ಎಂದು ಕೆಪ್ಲರ್ 1609ರಲ್ಲೇ ತೋರಿಸಿದ್ದ. (ಮಂಗಳನ ಲೆಕ್ಕವನ್ನು 8 ದಿನದಲ್ಲಿ ಬಿಡಿಸುತ್ತೇನೆ ಎಂದು ಕೊಚ್ಚಿಕೊಂಡು ಶುರುಮಾಡಿದ ಆತನಿಗೆ ಹಿಡಿದದ್ದು ಸುಮಾರು 5 ವರ್ಷ!) ಅಂಥ ಸೆಳೆತದಿಂದ ಇಂಥ ದಾರಿಯೇ ಬರುತ್ತದೆ ಎಂದು ಗಣಿತದಲ್ಲಿ ಸಾಧಿಸುವುದು ಹೇಗೆ?

ನನ್ನ ಹತ್ತಿರ ಉತ್ತರವಿದೆ ಎಂದ ಹುಕ್. ಆದರೆ ಈಗಲೇ ತೋರಿಸಲಾರೆ. ಉಳಿದವರು ಪ್ರಯತ್ನಪಟ್ಟು ಸೋಲಲಿ, ಆಗ ಅದರ ಬೆಲೆ ತಿಳಿಯುತ್ತದೆ. ಪ್ರತಿ ಕ್ಲಾಸಿನಲ್ಲೂ ಇಂಥವನೊಬ್ಬ ಇರುತ್ತಾನೆ. ರೆನ್ ನಗುತ್ತಲೇ ಅವನನ್ನು ಕಟ್ಟಿಹಾಕಿದ. ಸರಿ, 2 ತಿಂಗಳು ಗಡುವು, ನಿಮ್ಮಿಬ್ಬರಲ್ಲಿ ಯಾರು ಸಾಧಿಸಿ ತಂದರೂ 40 ಷಿಲಿಂಗ್ ಬೆಲೆಯ ಪುಸ್ತಕ ಬಹುಮಾನ. ಎರಡು ತಿಂಗಳು ಹೋಯಿತು, ಯಾರೂ ತರಲಿಲ್ಲ. ಹ್ಯಾಲಿಗೆ ಮಾತ್ರ ಕೊರೆತ ನಿಲ್ಲಲಿಲ್ಲ. ಆಗಸ್ಟಿನಲ್ಲಿ ಕೇಂಬ್ರಿಡ್ಜಿಗೆ ಹೋಗಿ ಐಸಾಕ್ ನ್ಯೂಟನ್‌ನನ್ನು ಕೇಳಿದ. ದೀರ್ಘವೃತ್ತವೇ ಎಂದ ನ್ಯೂಟನ್ ತಕ್ಷಣ. ಹೇಗೆ ಗೊತ್ತು? ಲೆಕ್ಕ ಹಾಕಿದ್ದೇನೆ. ಎಲ್ಲಿ? ಹುಡುಕಿದ, ಕಾಗದ ಸಿಗಲಿಲ್ಲ. ಮತ್ತೆ ಬರೆದು ಕಳಿಸುತ್ತೇನೆ ಎಂದವನು ನವೆಂಬರಿನಲ್ಲಿ ಒಂಬತ್ತು ಪುಟ ಕಳಿಸಿದ. ಅದು ಉಬ್ಬುತ್ತ ಉಬ್ಬುತ್ತ 1687ರಲ್ಲಿ ‘ಪ್ರಿನ್ಸಿಪಿಯಾ’ ಎಂಬ ಮಹಾಗ್ರಂಥವಾಯಿತು.

ಅಚ್ಚು ಹಾಕಿಸಲು ರಾಯಲ್ ಸೊಸೈಟಿಯ ಬಳಿ ಕಾಸಿರಲಿಲ್ಲ, ಇದ್ದದ್ದನ್ನು ಮೀನುಗಳ ಇತಿಹಾಸ ಎಂಬ ದುಬಾರಿ ಚಿತ್ರಪುಸ್ತಕಕ್ಕೆ ಸುರಿದಿತ್ತು. ಖರ್ಚನ್ನು ಹ್ಯಾಲಿಯೇ ಹಾಕಿದ. ಸೊಸೈಟಿ ಅವನ ಸಂಬಳವನ್ನೂ ಮಾರಾಟವಾಗದ ಆ ಮೀನಿನ ಪುಸ್ತಕದ ಪ್ರತಿಗಳ ರೂಪದಲ್ಲೇ ಕೊಟ್ಟಿತು. ರೆನ್ ಇಟ್ಟ 40 ಷಿಲಿಂಗಿನ ಪುಸ್ತಕ ಯಾರಿಗೂ ಸಿಗಲಿಲ್ಲ. ಹ್ಯಾಲಿಗೆ ಪುಸ್ತಕಗಳಂತೂ ಸಿಕ್ಕವು.

ಗೆದ್ದವರ ಕಥೆಯನ್ನೂ ಒಂದು ಹೇಳಬೇಕು. 1968ರಲ್ಲಿ ಎಡಿನ್‌ಬರೋದ ಒಂದು ಪಾರ್ಟಿಯಲ್ಲಿ ಸ್ಕಾಟ್ಲೆಂಡಿನ ಚೆಸ್ ಚಾಂಪಿಯನ್ ಡೇವಿಡ್ ಲೆವಿ, ಕೃತಕ ಬುದ್ಧಿಮತ್ತೆಯ ಪಿತಾಮಹರಲ್ಲೊಬ್ಬರಾದ ಜಾನ್ ಮೆಕಾರ್ಥಿಯನ್ನು ಚೆಸ್ಸಿನಲ್ಲಿ ಸೋಲಿಸಿದ. ನೀನು ನನ್ನನ್ನು ಸೋಲಿಸಿರಬಹುದು, 10 ವರ್ಷದಲ್ಲಿ ಕಂಪ್ಯೂಟರ್ ನಿನ್ನನ್ನು ಸೋಲಿಸುತ್ತದೆ ಎಂದರು ಮೆಕಾರ್ಥಿ. 500 ಪೌಂಡ್ ಬೆಟ್ ಬಿತ್ತು. ಲೆವಿಯ ವರ್ಷದ ಸಂಪಾದನೆ ಆಗ 1,000 ಪೌಂಡ್ ಕೂಡ ಇರಲಿಲ್ಲ. ಬೇರೆ ವಿಜ್ಞಾನಿಗಳೂ ಸೇರಿಕೊಂಡು ಮೊತ್ತ ಬೆಳೆಯಿತು. 1978ರಲ್ಲಿ ಟೊರಾಂಟೊದಲ್ಲಿ ಆಗಿನ ಶ್ರೇಷ್ಠ ಯಂತ್ರ ‘ಚೆಸ್ 4.7’ ಎದುರು ಕೂತು ಲೆವಿ 3.5-1.5ರಿಂದ ಗೆದ್ದ. ಆದರೆ ಒಂದು ಆಟವನ್ನು ಯಂತ್ರ ಗೆದ್ದಿತ್ತು. 1989ರಲ್ಲಿ ‘ಡೀಪ್ ಥಾಟ್’ ಅವನನ್ನು 4-0ರಿಂದ ಮಣ್ಣು ಮುಕ್ಕಿಸಿತು. ಮೆಕಾರ್ಥಿ ಹೇಳಿದ್ದು ತಪ್ಪಲ್ಲ, ಗಡುವು ತಪ್ಪು.

ಗಡುವಿನ ವಿಷಯದಲ್ಲಿ ಎಡವಿದ ಇನ್ನೊಬ್ಬರು ಕ್ರಿಸ್ಟೋಫ್ ಕಾಖ್. 1998ರಲ್ಲಿ ಜರ್ಮನಿಯ ಬ್ರೆಮೆನ್ನಿನ ಬಾರೊಂದರಲ್ಲಿ ಈ ಮಿದುಳುವಿಜ್ಞಾನಿ, ತತ್ತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ ಜೊತೆ ಒಂದು ಪೆಟ್ಟಿಗೆ ವೈನಿಗೆ ಬೆಟ್ ಕಟ್ಟಿದರು. 25 ವರ್ಷದೊಳಗೆ ಪ್ರಜ್ಞೆ ಎಂಬುದು ಮಿದುಳಿನ ಯಾವ ಚಟುವಟಿಕೆಯಿಂದ ಹುಟ್ಟುತ್ತದೆ ಎಂದು ಸ್ಪಷ್ಟವಾಗಿ ಗೊತ್ತಾಗುತ್ತದೆ ಎಂದು ಕಾಖ್ ವಾದ. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ವೇದಿಕೆಯ ಮೇಲೆ ಪೆಟ್ಟಿಗೆ ಹೊತ್ತು ತಂದು ಕೊಟ್ಟರು. ಕೊಟ್ಟವರೇ ಇನ್ನೂ 25 ವರ್ಷಕ್ಕೆ ಮತ್ತೆ ಬೆಟ್‌ಗೆ ಸಿದ್ಧ ಎಂದರು. ಆ ಗಡುವು ಮುಗಿಯುವುದು 2048ಕ್ಕೆ. ಆಗ ಅವರಿಗೆ 90 ದಾಟಿರುತ್ತದೆ.

ಇವೆಲ್ಲ ಜೋಡಿಗಳ ಕಥೆಯಾಯಿತು. 2000ದಲ್ಲಿ ನ್ಯೂಯಾರ್ಕ್ ಬಳಿಯ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ಸಮ್ಮೇಳನದಲ್ಲಿ ತಳಿವಿಜ್ಞಾನಿಗಳು ಗುಂಪುಗುಂಪಾಗಿ ಬೆಟ್ ಕಟ್ಟಿದರು. ಮನುಷ್ಯನಲ್ಲಿ ಜೀನ್‌ಗಳೆಷ್ಟು? ಮೊದಲ ವರ್ಷ ಒಂದು ಊಹೆಗೆ 1 ಡಾಲರ್. ಲಕ್ಷ ದಾಟಿದವರೂ ಇದ್ದರು. 2003ರಲ್ಲಿ ಬಹುಮಾನ ಕೊಡುವಾಗ ಎಲ್ಲರಿಗಿಂತ ಕಡಿಮೆ ಹೇಳಿದ ಲೀ ರೋವೆನ್ ಗೆದ್ದರು. ಅವರ ಊಹೆ 25,947. ಈಗ ಪ್ರೋಟೀನು ತಯಾರಿಸುವ ಜೀನ್‌ಗಳು ಸುಮಾರು 20,000 ಎನ್ನುತ್ತಾರೆ. ಅಲ್ಲಿಗೆ ಗೆದ್ದವರ ಊಹೆಯೂ ಹೆಚ್ಚೇ ಆಯಿತು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಬೆಟ್ಟು ಇನ್ನೂ ನಡೆಯುತ್ತಿದೆ. 2000ದ ಹೊತ್ತಿಗೆ ಅಮೆರಿಕದ ಜೀವವಿಜ್ಞಾನಿ ಸ್ಟೀವನ್ ಆಸ್ಟಡ್, 150 ವರ್ಷ ಬದುಕುವ ಮೊದಲ ಮನುಷ್ಯ ಆಗಲೇ ಹುಟ್ಟಿದ್ದಾನೆ ಎಂದರು. ಮುಪ್ಪಿನ ಬಗ್ಗೆ ಅಧ್ಯಯನ ಮಾಡುವ ಅವರ ಗೆಳೆಯ ಜೇ ಓಲ್ಶಾನ್ಸ್‌ಕಿ ಸಾಧ್ಯವೇ ಇಲ್ಲ ಎಂದರು. ದಾಖಲೆಯಿರುವ ಅತಿ ದೀರ್ಘ ಆಯುಸ್ಸು ಫ್ರಾನ್ಸಿನ ಜೀನ್ ಕಾಲ್ಮೆಂಟ್ ಅವರದು, 122 ವರ್ಷ 164 ದಿನ. ಇಬ್ಬರೂ ತಲಾ 150 ಡಾಲರ್ ಹೂಡಿಟ್ಟರು, 2016ರಲ್ಲಿ ಮೊತ್ತವನ್ನು ಇಮ್ಮಡಿಗೊಳಿಸಿದರು. ಗಡುವು 2150. ಇವರೂ ‘ಅಂದ್ರೇನು’ ಜಗಳ ಮೊದಲೇ ಯೋಚಿಸಿದ್ದಾರೆ. ಬರೀ ಉಸಿರಾಡುತ್ತಿದ್ದರೆ ಸಾಲದು, ಆ 150ರ ವ್ಯಕ್ತಿ ನಾಲ್ಕು ಮಾತು ಅರ್ಥವಾಗುವಂತೆ ಆಡಬೇಕು. ಹಣ ಅಷ್ಟು ಕಾಲ ಬೆಳೆದರೆ ದೊಡ್ಡ ಗಂಟೇ ಆಗಬಹುದು, ಅದು ಸೇರುವುದು ಗೆದ್ದವರ ವಂಶದವರಿಗೆ.

ಆಸ್ಟಡ್ ಗೆಲ್ಲಬೇಕಾದರೆ ಆ ವ್ಯಕ್ತಿ ಈಗ ಕಡಿಮೆಯೆಂದರೂ 25 ದಾಟಿರಬೇಕು. ಎಲ್ಲೋ ಇವತ್ತು ಕೆಲಸಕ್ಕೆ ಹೋಗಿ ಬಂದಿರಬೇಕು, ಬೆನ್ನುನೋವು ಎಂದು ಗೊಣಗಿರಲೂಬಹುದು. ತನ್ನ ಮೇಲೆ ಇಬ್ಬರು ಮುದುಕರು ದುಡ್ಡು ಕಟ್ಟಿ ಕೂತಿದ್ದಾರೆಂಬುದು ಆ ಮನುಷ್ಯನಿಗಂತೂ ಗೊತ್ತಿಲ್ಲ.